ಮಾವನ ಊರಿನ ಕೊಳವೆಬಾವಿ

ಪೋ ಲಟ್ ಸಿಟ್ಟು ಬಂದರೆ ಕೂಗಾಡುವವನಲ್ಲ. ತಲೆಗೆ ಸುತ್ತಿದ ಟವೆಲ್ಲನ್ನು ಬಿಚ್ಚಿ, ಎರಡು ಸಲ ಕೊಡವಿ, ಮತ್ತೆ ಸುತ್ತಿಕೊಂಡು ಗೊಣಗಲು ಶುರುಮಾಡುವವನು. ಆ ಗೊಣಗಾಟ ಬೆಳಿಗ್ಗೆ ಎಂಜಿನ್ ಜೊತೆ ಶುರುವಾದರೆ ಸಂಜೆ ಎಂಜಿನ್ ನಿಂತ ಮೇಲೂ ಸ್ವಲ್ಪ ಹೊತ್ತು ನಡೆಯುತ್ತಿತ್ತು. ಜೊತೆಯಲ್ಲಿ ಕೆಲಸ ಮಾಡುವವರಿಗೆ ಅದು ಅಭ್ಯಾಸವಾಗಿಹೋಗಿತ್ತು. ಪಕೋಕು ಸೀಮೆಯ ಮರಳು ನೆಲದ ಊರುಗಳಲ್ಲಿ ಇಪ್ಪತ್ತೆಂಟು ವರ್ಷ ಕೊಳವೆಬಾವಿ ಕೊರೆದವನು, ಮುನ್ನೂರಕ್ಕೆ ಕಡಿಮೆಯಿಲ್ಲ. ಎಲ್ಲರೂ ಅವನನ್ನು ‘ಸಯಾ’ ಎಂದೇ ಕರೆಯುತ್ತಿದ್ದರು. ಗುರು, ಮೇಸ್ತ್ರಿ, ಎರಡೂ ಆ ಒಂದು ಮಾತಿನಲ್ಲೇ ಇದೆ.

ಹಾಗೆ ನೋಡಿದರೆ ಅವನು ನೀರಿನ ಕಸುಬಿಗೆ ಬಂದದ್ದೇ ಒಂದು ಅವಮಾನದಿಂದ. ಅಪ್ಪ ಯೆನಾಂಜೌಂಗಿನ ಎಣ್ಣೆಬಾವಿಗಳಲ್ಲಿ ಹಗ್ಗ ಎಳೆದವನು. ಪೋ ಲಟ್ ಕೂಡ ಹತ್ತೊಂಬತ್ತಕ್ಕೇ ಮೂರು ಕಾಲಿನ ಗಳು ನೆಟ್ಟು, ನಾಲ್ಕು ಜನರ ಜೊತೆ ಸೇರಿ ಗುಡ್ಡದಲ್ಲಿ ಕಲ್ಲೆಣ್ಣೆಗೆ ಕೊರೆದ. ಎಡಗಡೆಯವರಿಗೆ ಎಣ್ಣೆ ಬಂತು, ಬಲಗಡೆಯವರಿಗೂ ಬಂತು. ಇವನ ಮೂರು ಗುಂಡಿಯಲ್ಲೂ ನೀರು. “ಪೋ ಲಟ್ ಕೈ ಇಟ್ರೆ ಎಣ್ಣೆನೂ ನೀರಾಗತ್ತೆ, ನೀರನ್ನೇ ತೆಗಿ ಹೋಗಪ್ಪ” ಎಂದು ಗುಡ್ಡವೆಲ್ಲ ನಕ್ಕಿತು. ಅವನು ಆ ಮಾತನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಗಳು ಕಿತ್ತುಕೊಂಡು ನೀರಿನ ಕಡೆ ಹೊರಟೇಬಿಟ್ಟ.

ಇಪ್ಪತ್ತೆಂಟು ವರ್ಷದಲ್ಲಿ ಅವನು ಹತ್ತಿರ ಹೋಗದೆ ಉಳಿದದ್ದು ನೀಲಿ ಜೇಡಿಯ ಊರುಗಳಿಗೆ ಮಾತ್ರ. ಬೆಟ್ಟದ ಸಾಲಿನ ಪೂರ್ವಕ್ಕೆ ಮರಳು ಮುಗಿದು ಜೇಡಿ ಶುರುವಾಗುತ್ತದೆ. ಮೇಲೆ ಹಳದಿ, ಕೆಳಗೆ ನೀಲಿ, ಇನ್ನೂ ಕೆಳಗೆ ಜೇಡಿಯೇ ಒತ್ತಿ ಗಟ್ಟಿಯಾಗಿ ಪದರುಗಲ್ಲಾಗಿರುತ್ತದೆ. ಅಲ್ಲಿ ಕೊರೆದವರು ರಾಡು ಕಳೆದುಕೊಂಡು ಬರುತ್ತಿದ್ದರು, ಇಲ್ಲವೆ ಉಪ್ಪುನೀರು ತೆಗೆದು ಬೈಸಿಕೊಂಡು ಬರುತ್ತಿದ್ದರು. ತನೌಂಗ್‌ಗೋನ್ ಅಂಥ ಊರು. ಗ್ರಹಚಾರವೆಂದರೆ ಅದೇ ಅವನ ಹೆಂಡತಿ ಮ ಟೇಯ ತವರು.

“ಅಳಿಯ ಊರೂರಿಗೆ ನೀರು ಕೊಡ್ತಾನೆ, ನಮಗೆ ಮಾತ್ರ ಕೆರೆ ಕೆಸರು” ಎಂದು ಅತ್ತೆ ಬದುಕಿರುವವರೆಗೂ ಅಂದರು. ಅತ್ತೆ ಹೋದ ಮೇಲೆ ಅವರ ತಂಗಿ ಡೋ ಸೋ ಯಿನ್ ಅನ್ನತೊಡಗಿದಳು. ಮಳೆಗಾಲದಲ್ಲಿ ತುಂಬಿದ ಕೆರೆ ನಡುಬೇಸಿಗೆಯ ತಿಂಜಾನ್ ಹಬ್ಬದ ಹೊತ್ತಿಗೆ ತಳ ಕಾಣುತ್ತಿತ್ತು. ಆಮೇಲೆ ಎರಡು ಮೈಲಿ ಆಚೆಯ ಒರತೆಯಿಂದ ಎತ್ತಿನ ಗಾಡಿಯಲ್ಲಿ ಪೀಪಾಯಿ ತರಬೇಕು. ಊರ ಪಡುವಣ ಅಂಚಿನಲ್ಲಿ ಬೇರೆ ಯಾರೋ ಕೊರೆದ ಒಂದು ಬೋರು ಇತ್ತು. ಅದರ ನೀರು ಬಾಯಿಗೆ ಹಾಕಿದರೆ ಮುಖ ಹಿಂಡಿಹೋಗುವಷ್ಟು ಉಪ್ಪು. ಗಾಡಿಯ ಗಾಲಿ ತೊಳೆಯಲು ಬಿಟ್ಟರೆ ಅದನ್ನು ಕೇಳುವವರಿರಲಿಲ್ಲ.

ಅವನಿಗೆ ಐವತ್ತನಾಲ್ಕಾದ ವರ್ಷ ಯಾಂಗೂನಿನ ಒಬ್ಬ ಹೆಂಗಸು ತೀರಿಹೋದ ತಾಯಿಯ ಹೆಸರಿನಲ್ಲಿ ತನೌಂಗ್‌ಗೋನಿಗೆ ಬಾವಿ ದಾನ ಕೊಡುತ್ತೇನೆಂದಳು. ಊರ ಮುಖಂಡ ಊ ಸಾನ್ ಟಿನ್ ನೆಟ್ಟಗೆ ಪೋ ಲಟ್‌ನ ಮನೆಗೆ ಬಂದು ಕುಳಿತ. ಪೋ ಲಟ್ ಆಗುವುದಿಲ್ಲ ಎಂದ. ಊ ಸಾನ್ ಟಿನ್ ಊಟ ಮಾಡಿ ಹೋದ, ಮರುದಿನ ಮತ್ತೆ ಬಂದ. ಮೂರನೆಯ ದಿನ ಮ ಟೇ ಮಾತಾಡದೆ ಗಂಡನ ಮುಂದೆ ಅನ್ನದ ತಟ್ಟೆ ಇಟ್ಟು, ನೀರಿನ ಲೋಟ ಇಡದೆ ಒಳಗೆ ಹೋದಳು.

“ನೀರು?” ಎಂದ ಪೋ ಲಟ್.

“ನಮ್ಮೂರಲ್ಲಿ ಇಲ್ಲ” ಎಂದಳು ಒಳಗಿನಿಂದ.

ಹೊರಡದೆ ಬೇರೆ ದಾರಿ ಇರಲಿಲ್ಲ.

ಲಾರಿ ಊರು ಸೇರುವ ಮೊದಲೇ ಅಮೃತಶಿಲೆಯ ಫಲಕ ಸೇರಿಯಾಗಿತ್ತು. ದಾನಿಯ ತಾಯಿಯ ಹೆಸರು, ಕೆಳಗೆ ‘ಕಸೋನ್ ಹುಣ್ಣಿಮೆಯಂದು ಈ ಬಾವಿ ಅರ್ಪಿತವಾಯಿತು’ ಎಂದು ಚಿನ್ನದ ಬಣ್ಣದಲ್ಲಿ ಕೆತ್ತಿದ ಅಕ್ಷರ. ಕಸೋನ್ ಹುಣ್ಣಿಮೆಗೆ ಇನ್ನೂ ಇಪ್ಪತ್ತಾರು ದಿನ ಇತ್ತು. ಆ ದಿನ ಊರೆಲ್ಲ ಬೋಧಿಮರಕ್ಕೆ ನೀರೆರೆಯುತ್ತದೆ, ಅದು ಈ ಬಾವಿಯ ನೀರೇ ಆಗಬೇಕು ಎಂದು ದಾನಿಯ ಆಸೆ.

“ಅರ್ಪಿತವಾಯಿತು ಅಂತೆ” ಎಂದ ಪೋ ಲಟ್, ಟವೆಲ್ ಬಿಚ್ಚುತ್ತ. “ಇನ್ನೂ ಗುಂಡಿ ಎಲ್ಲಿ ತೋಡ್ಬೇಕು ಅಂತಾನೇ ಗೊತ್ತಿಲ್ಲ, ಆಗ್ಲೇ ಆಯ್ತಂತೆ.”

“ಒಳ್ಳೆ ಶಕುನ ಭಾವ” ಎಂದ ಚಿಟ್ ಸ್ವೇ. ಮ ಟೇಯ ತಮ್ಮ, ಎಂಜಿನ್ ಮತ್ತು ಪಂಪು ಇವನ ಜವಾಬ್ದಾರಿ. ಬಾಯಲ್ಲಿ ಸದಾ ಎಲೆ ಅಡಿಕೆ. ಯಾವುದಕ್ಕೂ ಬೇಸರಪಟ್ಟುಕೊಳ್ಳದ ಮನುಷ್ಯ. ಪೋ ಲಟ್‌ಗೆ ಅವನ ಮೇಲೆ ಇದ್ದ ದೊಡ್ಡ ದೂರೇ ಅದು.

ಮೊದಲ ಗುಂಡಿಯನ್ನು ವಿಹಾರದ ಅಂಗಳದಲ್ಲಿ ಶುರುಮಾಡಿದರು. ಕೆಲಸ ಗೊತ್ತಿದ್ದದ್ದೇ. ಮೂರು ಕಾಲಿನ ಗಳು, ಡೀಸೆಲ್ ಎಂಜಿನ್, ಪಕ್ಕದಲ್ಲಿ ತೊಟ್ಟಿ. ತೊಟ್ಟಿಯ ನೀರನ್ನು ಪಂಪು ರಾಡಿನ ಒಳಗಿನಿಂದ ಕೆಳಗೆ ತಳ್ಳುತ್ತದೆ. ಅದು ಕೊರೆದ ಮಣ್ಣನ್ನು ಹೊತ್ತುಕೊಂಡು ರಾಡಿನ ಹೊರಗಿನಿಂದ ಮೇಲೆ ಬಂದು ತೊಟ್ಟಿಗೇ ಬೀಳುತ್ತದೆ. ಆ ನೀರನ್ನು ಕೆರೆಯಲ್ಲಿ ಉಳಿದಿದ್ದರಿಂದ ತಂದರು. ಹೆಂಗಸರು ಕಣ್ಣು ಕೆಂಪಗೆ ಮಾಡಿಕೊಂಡು ನೋಡಿದರು. ಎಪ್ಪತ್ತು ಅಡಿಗೆ ನೀಲಿ ಜೇಡಿ ಸಿಕ್ಕಿತು. ಹಸಿಯಾಗಿ ಮೇಲೆ ಬಂದಾಗ ಎಮ್ಮೆಯ ಮೈಯ ಹೊಳಪು, ಕೈಗೆ ಹತ್ತಿದರೆ ಬಿಡದ ಅಂಟು. ನೂರಹತ್ತು ಅಡಿಗೆ ಊಟದ ಹೊತ್ತಾಯಿತು. ರಾಡನ್ನು ಗುಂಡಿಯಲ್ಲೇ ಬಿಟ್ಟು ಅನ್ನ, ಹುಣಸೆಚಿಗುರಿನ ಸಾರು ಉಂಡು ಬರುವಷ್ಟರಲ್ಲಿ ಜೇಡಿ ಉಬ್ಬಿ ರಾಡನ್ನು ಹಿಡಿದುಬಿಟ್ಟಿತ್ತು. ತಿರುಗಿಸಿದರೆ ತಿರುಗದು, ಎತ್ತಿದರೆ ಏಳದು. ಜಾಕಿ ಕೊಟ್ಟು ಎರಡು ದಿನ ಎಳೆದರು. ಗಳಿನ ಒಂದು ಕಾಲು ಬಾಗಿತು, ರಾಡು ನಡುವೆ ಮುರಿಯಿತು. ಅರವತ್ತು ಅಡಿ ರಾಡು, ಅದರ ತುದಿಗಿದ್ದ ‘ಬಿಟ್ಟು’ ಎಂಬ ಕೊರೆಯುವ ಮೊನೆ, ಎಲ್ಲ ಒಳಗೇ ಉಳಿಯಿತು.

“ಅರ್ಧ ಗಂಟೆ” ಎಂದು ಪೋ ಲಟ್ ಆ ದಿನವಿಡೀ ಗೊಣಗಿದ. “ಅರ್ಧ ಗಂಟೆ ಊಟಕ್ಕೆ ಹೋದ್ರೆ ನುಂಗ್ಬಿಡತ್ತೆ. ಇದೇನು ಮಣ್ಣೋ, ಮೊಸಳೆಯೋ.”

ಊ ಸಾನ್ ಟಿನ್ ಮೆಲ್ಲಗೆ ಹತ್ತಿರ ಬಂದ. ಸಣ್ಣ ಮೈಕಟ್ಟಿನ, ಎಲ್ಲರಿಗೂ ಒಳ್ಳೆಯವನಾಗಬೇಕೆಂದು ಒದ್ದಾಡುವ ಮನುಷ್ಯ. “ಸಯಾ, ನಟ್ ದೇವತೆಗೆ ಒಂದು ತೆಂಗಿನಕಾಯಿ, ಬಾಳೆಹಣ್ಣು ಇಟ್ಟಿರ್ಲಿಲ್ಲ ಅಂತ ಊರಲ್ಲಿ ಮಾತು.”

“ಇಡಿ. ದೇವತೆಗೆ ನನ್ನ ರಾಡು ಕೂಡ ಕೊಟ್ಟಿದೀನಿ, ಅದನ್ನೂ ಹೇಳಿ.”

ಎರಡನೆಯ ಗುಂಡಿ ಶಾಲೆಯ ಹಿಂದೆ. ಈ ಸಲ ರಾಡನ್ನು ಒಂದು ಕ್ಷಣ ನಿಲ್ಲಿಸಲಿಲ್ಲ; ಸರದಿಯಲ್ಲಿ ಉಂಡರು. ಜೇಡಿ ಬೇರೆ ಆಟ ಹೂಡಿತು. ಬಿಟ್ಟಿನ ಸುತ್ತ ಹಲಸಿನಹಣ್ಣಿನ ಗಾತ್ರಕ್ಕೆ ಮೆತ್ತಿಕೊಂಡಿತು; ಮೊನೆ ಕೊರೆಯುವುದರ ಬದಲು ಒಂದೇ ಕಡೆ ಸುತ್ತತೊಡಗಿತು. ಅಷ್ಟುದ್ದ ರಾಡನ್ನು ಒಂದೊಂದಾಗಿ ಬಿಚ್ಚಿ ಮೇಲೆತ್ತಿ, ಮಚ್ಚಿನಿಂದ ಜೇಡಿ ಕೆರೆದು, ಮತ್ತೆ ಒಂದೊಂದಾಗಿ ಇಳಿಸಬೇಕು. ಎರಡು ಅಡಿ ಹೋದರೆ ಮತ್ತೆ ಅದೇ. ಹೀಗೆ ಎಂಟು ದಿನಕ್ಕೆ ನೂರೆಂಬತ್ತು ಅಡಿ. ಒಂಬತ್ತನೆಯ ದಿನ ಬೆಳಿಗ್ಗೆ ನೋಡಿದರೆ ಗುಂಡಿಯೇ ಇರಲಿಲ್ಲ. ನಲವತ್ತು ಅಡಿಯ ಕೆಳಗೆ ನಾಲ್ಕೂ ಕಡೆಯ ಗೋಡೆ ಉಬ್ಬಿ ಒಂದನ್ನೊಂದು ಮುಟ್ಟಿದ್ದವು. ಎಂಟು ದಿನ ಕೆಲಸ ಮಾಡಿದ್ದಕ್ಕೆ ಗುರುತಾಗಿ ಉಳಿದದ್ದು ತೊಟ್ಟಿಯ ಪಕ್ಕದ ನೀಲಿ ಗುಡ್ಡೆ ಒಂದೇ.

ಆ ಗುಡ್ಡೆಗೂ ಒಬ್ಬ ಗಿರಾಕಿ ಇದ್ದಳು. ಡೋ ಸೋ ಯಿನ್ ದಿನವೂ ಬೆಳಿಗ್ಗೆ ಬುಟ್ಟಿ ಹಿಡಿದು ಬಂದು, ಯಾರನ್ನೂ ಕೇಳದೆ ಜೇಡಿ ತುಂಬಿಕೊಂಡು ಹೋಗುತ್ತಿದ್ದಳು. ವಯಸ್ಸು ಅರವತ್ತೆಂಟು, ಕೆನ್ನೆಗೆ ಬಳಿದ ತನಕಾ ಗಂಧದ ಮೇಲೆ ಮಡಕೆಯ ಮಣ್ಣಿನ ಚಿಮುಕು. ಹನ್ನೆರಡನೆಯ ವಯಸ್ಸಿನಿಂದ ಮಡಕೆ ತಟ್ಟಿದವಳು. ಊರೆಲ್ಲ ಸಯಾ ಎನ್ನುವವನನ್ನು ಅವಳೊಬ್ಬಳು ‘ಮೌಂಗ್ ಪೋ ಲಟ್’ ಎನ್ನುತ್ತಿದ್ದಳು, ಮೀಸೆ ಮೂಡದ ಹುಡುಗರನ್ನು ಕರೆದ ಹಾಗೆ.

ಗುಂಡಿ ಮುಚ್ಚಿಹೋದ ಆ ಬೆಳಿಗ್ಗೆಯೂ ಬಂದಳು. ಪೋ ಲಟ್ ಮಗುಚಿಹಾಕಿದ ಡ್ರಮ್ಮಿನ ಮೇಲೆ ಕುಳಿತಿದ್ದ.

“ಏನು ಮೌಂಗ್ ಪೋ ಲಟ್, ಇವತ್ತು ಸದ್ದೇ ಇಲ್ಲ?”

“ಗುಂಡಿ ಮುಚ್ಕೊಂಡಿದೆ ಚಿಕ್ಕಮ್ಮ.”

“ಮತ್ತೆ? ಎರಡನೇದಾ?”

“ಎಣಿಸೋಕೆ ಬರತ್ತಲ್ಲ ನಿಮಗೆ.”

“ಬರತ್ತಪ್ಪ. ಅಕ್ಕ ಇದ್ದಿದ್ರೆ ಅವಳೂ ಎಣಿಸ್ತಿದ್ಲು.” ಬುಟ್ಟಿ ಕೆಳಗಿಟ್ಟು ಒಂದು ಮುದ್ದೆ ಜೇಡಿ ತೆಗೆದು ಅಂಗೈಯಲ್ಲಿ ಒತ್ತಿದಳು. “ಸುಮ್ನೆ ಹೇಳ್ತೀನಿ, ಬೇಜಾರಾಗ್ಬೇಡ. ನಿನ್ನ ಈ ಜೇಡಿ ಶುದ್ಧ ದರಿದ್ರದ್ದು.”

“ನನ್ನ ಜೇಡಿಯಾ? ನಾನೇನು ಮನೆಯಿಂದ ತಂದ್ನಾ?”

“ನೀನೇ ತಾನೆ ಮೇಲೆ ತಂದಿದ್ದು. ಹತ್ತು ದಿನದಿಂದ ಹೊತ್ತಿದೀನಿ, ಒಂದು ಮಡಕೆ ಆಗ್ಲಿಲ್ಲ. ಕೆರೆ ನೀರಲ್ಲಿ ನೆನೆಹಾಕಿದ್ರೆ ಒಂದು ಗಳಿಗೆಯಲ್ಲಿ ಉಬ್ಬಿ ಗಂಜಿ ಆಗತ್ತೆ. ನೀನು ಬಂದ್ಮೇಲೆ ಕೆರೆ ನೀರೂ ಖಾಲಿ ಆಗ್ತಾ ಬಂತು. ಸರಿ ಅಂತ ಪಡುವಣ ಬೋರಿನ ಉಪ್ಪುನೀರಲ್ಲಿ ಹಾಕಿದೆ. ಅದರಲ್ಲಿ ಹಾಕಿದ್ದು ಹಾಕಿದ ಹಾಗೇ ಕೂತಿದೆ. ನಾಲ್ಕು ದಿನ ಆಯ್ತು. ಉಬ್ಬಲ್ಲ, ಕರಗಲ್ಲ, ಕಲ್ಲು ಕೂತ ಹಾಗೆ. ನಾದೋದು ಹೇಗೆ ಹೇಳು.”

ಪೋ ಲಟ್ ಅವಳ ಕೈಯಲ್ಲಿದ್ದ ಮುದ್ದೆಯನ್ನು ನೋಡುತ್ತಿದ್ದ.

“ಇನ್ನೊಂದ್ಸಲ ಹೇಳಿ.”

“ಏನನ್ನ? ದರಿದ್ರದ್ದು ಅನ್ನೋದನ್ನ?”

“ಉಪ್ಪುನೀರಿಂದು.”

“ಕಿವಿನೂ ಹೋಯ್ತಾ ನಿಂದು. ಉಬ್ಬಲ್ಲ ಅಂದೆ.”

ಅವನು ಎದ್ದು, ಅವಳ ಬುಟ್ಟಿಯನ್ನು ತಾನೇ ಹೊತ್ತುಕೊಂಡು ಅವಳ ಮನೆಯ ಕಡೆ ನಡೆದ. ಡೋ ಸೋ ಯಿನ್ ಹಿಂದಿನಿಂದ “ನಿಧಾನ ಹೋಗು, ನನ್ನ ಮಂಡಿ ನಿನ್ನ ಎಂಜಿನ್ ಅಲ್ಲ” ಎನ್ನುತ್ತ ಬಂದಳು. ಚಪ್ಪರದ ಕೆಳಗೆ ಎರಡು ಬಾನಿಗಳಿದ್ದವು. ಒಂದರಲ್ಲಿ ಬೂದುಬಣ್ಣದ ಗಂಜಿ. ಇನ್ನೊಂದರಲ್ಲಿ ತಿಳಿನೀರು, ತಳದಲ್ಲಿ ಜೇಡಿಯ ಮುದ್ದೆ, ಅದರ ಮೇಲೆ ನಾಲ್ಕು ದಿನದ ಹಿಂದೆ ಒತ್ತಿದ ಅವಳ ಬೆರಳಿನ ಗುರುತು ಹಾಗೇ ಇತ್ತು.

ಪೋ ಲಟ್ ಅಲ್ಲೇ ಕುಕ್ಕರುಗಾಲಲ್ಲಿ ಕುಳಿತ. ಅವಳ ಅಡಿಗೆಮನೆಯಿಂದ ಮೂರು ಬಟ್ಟಲು ತೆಗೆದುಕೊಂಡ. ಒಂದಕ್ಕೆ ಕೆರೆನೀರು, ಒಂದಕ್ಕೆ ಉಪ್ಪುನೀರು, ಒಂದಕ್ಕೆ ಎರಡೂ ಅರ್ಧರ್ಧ. ಒಂದೇ ಗಾತ್ರದ ಜೇಡಿಯ ಗೋಲಿ ಮೂರಕ್ಕೂ ಹಾಕಿ ನೋಡುತ್ತ ಕುಳಿತ. ಕೆರೆನೀರಿನದು ಕಣ್ಣೆದುರೇ ಅಂಚು ಬಿರಿದು, ಊದಿ, ಕುಸಿಯಿತು. ಅರ್ಧರ್ಧದ್ದು ಸ್ವಲ್ಪ ತಡವಾಗಿ ಕುಸಿಯಿತು. ಉಪ್ಪುನೀರಿನದು ಗೋಲಿಯಾಗಿಯೇ ಉಳಿಯಿತು. ಡೋ ಸೋ ಯಿನ್ ಪಕ್ಕದಲ್ಲೇ ಮಡಕೆ ತಟ್ಟುತ್ತಿದ್ದಳು; ಅವಳಿಗೆ ಇದರಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಅವನಿಗೆ ಮೊದಲು ಬಂದದ್ದು ಖುಷಿಯಲ್ಲ, ಕಿರಿಕಿರಿ. ಜೇಡಿಯನ್ನು ಉಬ್ಬಿಸಿದ್ದು ತಾನೇ. ಊರ ಹೆಂಗಸರ ಬಾಯಿಗೆ ಹೋಗಬೇಕಾದ ಸಿಹಿನೀರನ್ನು ತಂದು ಗುಂಡಿಗೆ ಸುರಿದು, ಗುಂಡಿಯನ್ನು ತನ್ನ ಕೈಯಾರೆ ಮುಚ್ಚಿಸಿಕೊಂಡಿದ್ದ, ಒಂದಲ್ಲ ಎರಡು ಸಲ. ಇಪ್ಪತ್ತೆಂಟು ವರ್ಷ ಸಯಾ ಅನ್ನಿಸಿಕೊಂಡು ಒಂದು ಬಟ್ಟಲು ನೀರಿಗೆ ಒಂದು ಗೋಲಿ ಜೇಡಿ ಹಾಕಿ ನೋಡಬೇಕೆಂದು ತೋಚಿರಲಿಲ್ಲ.

“ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ ಚಿಕ್ಕಮ್ಮ?”

“ನೀನು ಕೇಳಿದ್ಯಾ?” ಎಂದಳು, ತಲೆಯೆತ್ತದೆ. “ಹತ್ತು ದಿನ ಬಂದೆ. ನೀನು ‘ಬಂದ್ರಾ, ತಗೊಂಡು ಹೋಗಿ’ ಅಂತ ಮುಖ ಆ ಕಡೆ ತಿರುಗಿಸ್ತಿದ್ದೆ.”

ಮೂರನೆಯ ಗುಂಡಿಗೆ ಊರ ಪಡುವಣ ಬೋರಿನ ಉಪ್ಪುನೀರನ್ನೇ ಸುರಿಯುತ್ತೇನೆ ಎಂದಾಗ ಊರು ಗಲಿಬಿಲಿಗೊಂಡಿತು. ಊ ಸಾನ್ ಟಿನ್‌ನ ಅಂಗಳದಲ್ಲಿ ನೆನೆಸಿದ ಚಹಾ ಎಲೆ, ಹುರಿದ ಕಡಲೆಕಾಯಿಯ ತಟ್ಟೆ ನಡುವೆ ಇಟ್ಟುಕೊಂಡು ಇಪ್ಪತ್ತು ಗಂಡಸರು ಕುಳಿತರು.

“ಸಿಹಿನೀರು ಬೇಕು ಅಂತ ಸಯಾನ ಕರ್ಸಿದ್ವಿ” ಎಂದ ಒಬ್ಬ. “ಅವರು ಉಪ್ಪುನೀರು ಒಳಗೆ ಹಾಕ್ತೀನಿ ಅಂತಾರೆ.”

“ನೀರು ಸಿಗ್ಲಿಲ್ಲ ಅಂದ್ರೆ ಇದ್ದಿದ್ದನ್ನೂ ಕೆಡಿಸಿ ಹೋದ ಹಾಗಾಗಲ್ವಾ?” ಎಂದ ಇನ್ನೊಬ್ಬ.

ಪೋ ಲಟ್ ಮೂರು ಬಟ್ಟಲನ್ನೂ ಅಲ್ಲಿಗೇ ತರಿಸಿ, ಗೋಲಿ ಹಾಕಿ ತೋರಿಸಿದ. ಗಂಡಸರು ಬಗ್ಗಿ ನೋಡಿದರು, ತಲೆಯಾಡಿಸಿದರು, ಆಮೇಲೆ ಮೊದಲಿನ ಪ್ರಶ್ನೆಯನ್ನೇ ಮತ್ತೆ ಕೇಳಿದರು. ನಾಲ್ಕನೆಯ ಸಲ ವಿವರಿಸುವಾಗ ಅವನ ಟವೆಲ್ ತೊಡೆಯ ಮೇಲಿತ್ತು. ಅಷ್ಟರಲ್ಲಿ ಊ ಸಾನ್ ಟಿನ್‌ನ ಫೋನು ರಿಂಗಾಯಿತು. ದಾನಿ. ಯಾರೋ ಆಗಲೇ ಸುದ್ದಿ ಮುಟ್ಟಿಸಿದ್ದರು.

“ಸಯಾ, ಅವರು ಕೇಳ್ತಿದಾರೆ, ನಿಮಗೆ ಆರೋಗ್ಯ ಸರಿ ಇದೆಯಾ ಅಂತ.”

“ಇದೆ ಅನ್ನಿ. ಫಲಕದ ಮೇಲಿನ ದಿನ ಒರೆಸೋಕೆ ಬರತ್ತಾ ಅಂತ ಕೇಳಿ.”

ಊ ಸಾನ್ ಟಿನ್ ಅದನ್ನು ಕೇಳಲಿಲ್ಲ. ಎಲ್ಲ ಚೆನ್ನಾಗಿದೆ ಎಂದು ಮೂರು ಸಲ ಹೇಳಿ ಫೋನಿಟ್ಟ. ಕೊನೆಗೆ ಚಿಟ್ ಸ್ವೇ ಬಾಯಿಯ ಎಲೆಯನ್ನು ಕೆನ್ನೆಗೆ ತಳ್ಳಿ ಒಂದು ಮಾತು ಹೇಳಿದ. “ಈ ಸಲ ಕೆರೆ ನೀರು ಮುಟ್ಟಲ್ಲ. ಅಷ್ಟಾದ್ರೂ ಲಾಭ ಅಲ್ವಾ.” ಇಷ್ಟು ಹೊತ್ತು ಯಾರ ತಲೆಗೂ ಹೋಗದ ವಿಷಯ ಅದೊಂದು ಮಾತಿನಿಂದ ಹೋಯಿತು. ಮರುದಿನ ಆರು ಎತ್ತಿನ ಗಾಡಿಗಳು ಉಪ್ಪುನೀರಿನ ಪೀಪಾಯಿ ಹೊತ್ತು ಬಂದವು. ಪೋ ಲಟ್‌ಗೆ ಅದರಿಂದಲೂ ಕಿರಿಕಿರಿಯೇ ಆಯಿತು.

ಜಾಗ ಊರ ಉತ್ತರದ ಇಳಿಜಾರು. ಹಳ್ಳ ಕೊರೆದ ಕಡೆ ಪದರುಗಲ್ಲು ಬಾಗಿ ಬಿರುಕು ಬಿಟ್ಟದ್ದನ್ನು ಅವನು ಮೊದಲ ದಿನವೇ ನೋಡಿದ್ದ. ಕೆಳಗೂ ಹಾಗೇ ಬಿರಿದಿದ್ದರೆ ಆ ಬಿರುಕಿನಲ್ಲಿ ನೀರಿರಬೇಕು. ಎಪ್ಪತ್ತು ಅಡಿಗೆ ನೀಲಿ ಜೇಡಿ ಬಂತು. ಆದರೆ ಈ ಸಲ ಅಂಟಾಗಿ ಬರಲಿಲ್ಲ. ಕತ್ತರಿಸಿದ ಬೆಲ್ಲದ ಹಾಗೆ ತುಂಡು ತುಂಡಾಗಿ ತೊಟ್ಟಿಗೆ ಬಿತ್ತು. ಸಂಜೆ ನೂರಮೂವತ್ತು ಅಡಿಗೆ ಕೆಲಸ ನಿಲ್ಲಿಸಿ ರಾಡು ಮೇಲೆತ್ತಿದರು. ಬೆಳಿಗ್ಗೆ ಇಳಿಸುವಾಗ ಪೋ ಲಟ್ ರಾಡಿನ ಮೇಲೆ ಕೈಯಿಟ್ಟು ನಿಂತಿದ್ದ. ರಾಡು ತಡೆಯಿಲ್ಲದೆ ತಳದವರೆಗೂ ಇಳಿಯಿತು.

“ಇಳೀತು ಭಾವ” ಎಂದ ಚಿಟ್ ಸ್ವೇ.

“ನನಗೂ ಕಣ್ಣಿದೆ.”

ಇನ್ನೂರಹನ್ನೆರಡು ಅಡಿಗೆ ಬಿಟ್ಟಿನ ಸದ್ದು ಬದಲಾಯಿತು. ಮಣ್ಣಿನ ಬದಲು ಹೆಂಚಿನ ಚೂರಿನಂಥ ಕಪ್ಪು ಚಕ್ಕೆಗಳು ಬರತೊಡಗಿದವು. ಬುಟ್ಟಿ ಹಿಡಿದು ಬಂದಿದ್ದ ಡೋ ಸೋ ಯಿನ್ ಒಂದು ಚಕ್ಕೆ ಎತ್ತಿ ಹಲ್ಲಿನಿಂದ ಕಚ್ಚಿ ನೋಡಿ, “ಇದು ಸುಟ್ಟ ಮಣ್ಣು, ನನ್ನ ಕೆಲಸಕ್ಕೆ ಬರಲ್ಲ” ಎಂದು ಖಾಲಿ ಬುಟ್ಟಿ ಹಿಡಿದು ಹೋದಳು. ಗಟ್ಟಿ ಕಲ್ಲಿನಲ್ಲಿ ದಿನಕ್ಕೆ ಆರೇಳು ಅಡಿಯೂ ಕಷ್ಟವಾಯಿತು. ಇನ್ನೂರಮೂವತ್ತೆಂಟು ಅಡಿಗೆ, ಮಟಮಟ ಮಧ್ಯಾಹ್ನ, ಚಿಟ್ ಸ್ವೇ ಮೊದಲ ಸಲ ಕೂಗಿದ. ತೊಟ್ಟಿಯ ನೀರು ಕೆಳಗಿಳಿಯುತ್ತಿತ್ತು. ಪಂಪು ತಳ್ಳಿದ್ದು ವಾಪಸು ಬರುತ್ತಿರಲಿಲ್ಲ. ಕೆಲಸದ ಇಬ್ಬರು ಆಳುಗಳು ಗುಂಡಿ ಕುಸಿಯಿತೆಂದು ಹಿಂದೆ ಸರಿದರು. ಪೋ ಲಟ್ ಮಾತ್ರ ಮುಂದೆ ಬಂದು ತೊಟ್ಟಿಯ ಅಂಚಿನಲ್ಲಿ ಕುಳಿತ. ನೀರು ಹೋಗುತ್ತಿದೆ ಎಂದರೆ ಹೋಗಲು ಜಾಗವಿದೆ. ಕೆಳಗೆ ಬಿರುಕಿದೆ.

“ನಿಲ್ಲಿಸು” ಎಂದ. “ಕೇಸಿಂಗ್ ಪೈಪು ತಗೊಂಡ್ಬನ್ನಿ.”

ಪೈಪು ಇಳಿಸಿ, ಸುತ್ತ ಜಲ್ಲಿ ತುಂಬಿ, ಎಂಜಿನ್‌ಗೆ ಪಂಪು ಸಿಕ್ಕಿಸಿದಾಗ ಕಸೋನ್ ಹುಣ್ಣಿಮೆಗೆ ಎರಡು ದಿನ ಉಳಿದಿತ್ತು. ಊರೆಲ್ಲ ಸೇರಿತ್ತು. ಪೈಪು ಕೆಮ್ಮಿತು, ಕೆಸರು ಉಗುಳಿತು, ಆಮೇಲೆ ತೋಳಿನಷ್ಟು ದಪ್ಪ ನೀರು ಬಂತು. ಊ ಸಾನ್ ಟಿನ್ ಅಂಗೈಯಲ್ಲಿ ಹಿಡಿದು ಕುಡಿದ. ಅವನ ಮುಖ ನೋಡಿದವರಿಗೆ ಕೇಳುವ ಅಗತ್ಯವೇ ಬೀಳಲಿಲ್ಲ.

“ಉಪ್ಪು” ಎಂದ, ಅಳುವ ದನಿಯಲ್ಲಿ.

“ಉಪ್ಪೇ ಇರತ್ತೆ” ಎಂದ ಪೋ ಲಟ್. “ಹತ್ತು ದಿನದಿಂದ ಉಪ್ಪುನೀರೇ ಸುರಿದಿದೀವಿ. ನಾವು ಹಾಕಿದ್ದು ಮೊದಲು ಹೊರಗೆ ಬರಬೇಡ್ವಾ?”

“ಹಾಗಾದ್ರೆ ಇದು ನಾವು ಹಾಕಿದ ಉಪ್ಪು?”

“ಹೌದು.”

“ಖಂಡಿತಾನಾ ಸಯಾ?”

ಪೋ ಲಟ್ ಪೈಪಿನ ಬಾಯಿಗೆ ಅಂಗೈಯೊಡ್ಡಿದ. ಅವನಿಗೂ ಖಂಡಿತವಿರಲಿಲ್ಲ. ಬಿರುಕಿನಲ್ಲಿರುವ ನೀರೇ ಉಪ್ಪಾಗಿದ್ದರೆ ಒಂದು ತಿಂಗಳು ಪಂಪು ಓಡಿಸಿದರೂ ಉಪ್ಪೇ. ಪಂಪು ಓಡುತ್ತಲೇ ಇರಲಿ ಎಂದು ಹೇಳಿ, ಗಂಟೆಗೊಂದು ಸಲ ತಾನೇ ರುಚಿ ನೋಡತೊಡಗಿದ. ಮೊದಲ ದಿನ ಉಪ್ಪು. ಎರಡನೆಯ ದಿನ ಉಪ್ಪು. ಕಡಿಮೆಯಾಗಿದೆ ಎಂದು ಒಂದು ಸಲ ಅನ್ನಿಸಿತು, ಮುಂದಿನ ಸಲ ಇಲ್ಲ ಅನ್ನಿಸಿತು. ಹುಣ್ಣಿಮೆಯ ಬೆಳಿಗ್ಗೆ ಹೆಂಗಸರು ಹೊಸ ಲುಂಗಿಯುಟ್ಟು, ತಲೆಗೆ ಹೂ ಮುಡಿದು, ಒರತೆಯಿಂದ ಹೊತ್ತು ತಂದ ನೀರನ್ನೇ ಬೋಧಿಮರಕ್ಕೆ ಎರೆದರು. ಬಾವಿಯ ಮುಂದೆಯೇ ಹಾದುಹೋದರು, ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಎಂದುಕೊಂಡ ಪೋ ಲಟ್.

ಅಂದು ಮಧ್ಯಾಹ್ನ ಮ ಟೇ ಬಸ್ಸಿಳಿದು ಬಂದಳು. ತವರಿನ ಹುಣ್ಣಿಮೆಗೆಂದು ಹೊರಟವಳು. ಗಂಡನ ಪಕ್ಕ ನಿಂತು ನೀರು ಬೀಳುವುದನ್ನೇ ಸ್ವಲ್ಪ ಹೊತ್ತು ನೋಡಿದಳು.

“ಹೇಗಿದೆ?”

“ಗೊತ್ತಿಲ್ಲ. ನಾಲಿಗೆ ಸತ್ತುಹೋಗಿದೆ. ಈಗ ಜೇನು ಕೊಟ್ರೂ ಉಪ್ಪೇ.”

“ಮೂರು ದಿನ ಒಬ್ನೇ ಕುಡೀತಾ ಕೂತ್ರೆ ಏನಾಗತ್ತೆ ಮತ್ತೆ. ಬೇರೆಯವ್ರಿಗೆ ಕೊಡಬಾರ್ದಾ?”

“ಯಾರಿಗೆ ಕೊಡ್ಲಿ? ಸಾನ್ ಟಿನ್ ಅಳ್ತಾನೆ. ನಿನ್ನ ತಮ್ಮನ ಬಾಯಲ್ಲಿ ಸುಣ್ಣ ಬಿಟ್ರೆ ಇನ್ನೇನೂ ಇಲ್ಲ.”

ಮ ಟೇ ಒಂದು ಬಿಂದಿಗೆ ತುಂಬಿಕೊಂಡು ಚಿಕ್ಕಮ್ಮನ ಮನೆಗೆ ಹೋದಳು. ಡೋ ಸೋ ಯಿನ್ ಬಾಯಿ ರುಚಿಯನ್ನು ನಂಬುವವಳಲ್ಲ. ಕಾಳು ಬೇಯುತ್ತದೆಯೇ, ಚಹಾ ಚಹಾದ ಹಾಗಿರುತ್ತದೆಯೇ ಎಂಬುದೇ ಅವಳ ಪರೀಕ್ಷೆ. ಅಂದು ಸಂಜೆಯ ವರದಿ: ಕಾಳು ಕಲ್ಲು, ಚಹಾ ದನಕ್ಕೂ ಬೇಡ. ಮರುದಿನದ್ದು: ಕಾಳು ಅರ್ಧ ಬೆಂದಿದೆ. ಅದರ ಮರುದಿನ, ಹುಣ್ಣಿಮೆ ಕಳೆದು ಎರಡನೆಯ ಬೆಳಿಗ್ಗೆ, ಅವಳೇ ಹಿತ್ತಾಳೆಯ ತಟ್ಟೆಯಲ್ಲಿ ಬೇಯಿಸಿದ ಕಾಳು, ಒಂದು ಹೂಜಿ ಬರೀ ಚಹಾ ಹಿಡಿದು ಬಾವಿಯ ಹತ್ತಿರ ಬಂದಳು. ಒಂದು ಕಾಳನ್ನು ಎರಡು ಬೆರಳಿನ ನಡುವೆ ಒತ್ತಿದಳು. ಹಿಟ್ಟಾಯಿತು.

“ತಗೋ, ಚಹಾ ಕುಡಿ.”

ಪೋ ಲಟ್ ಕುಡಿದ. ಕೊನೆಯಲ್ಲಿ ನಾಲಿಗೆಯ ಹಿಂದೆ ಏನೋ ಒಂದು ಚೂರು ಉಳಿದ ಹಾಗಿತ್ತು.

“ಇನ್ನೂ ಸ್ವಲ್ಪ ಇದೆ ಚಿಕ್ಕಮ್ಮ.”

“ಇರತ್ತೆ. ಎಲ್ಲಾನೂ ನಿನಗೆ ಬೇಕಾದ ಹಾಗೇ ಬರ್ಬೇಕಾ? ಈ ಊರಲ್ಲಿ ಅರವತ್ತೆಂಟು ವರ್ಷ ಕಪ್ಪೆ ಈಜಿದ ನೀರು ಕುಡಿದಿದೀನಿ. ಇದು ಚೆನ್ನಾಗಿದೆ.”

ಅವಳು ಚೆನ್ನಾಗಿದೆ ಎಂದದ್ದನ್ನು ಅವನು ಮೂವತ್ತು ವರ್ಷದಲ್ಲಿ ಮೊದಲ ಸಲ ಕೇಳಿದ್ದ. ಇನ್ನೊಂದು ಬಟ್ಟಲು ಚಹಾ ಬಗ್ಗಿಸಿಕೊಂಡ. ಮ ಟೇ ಪಕ್ಕದಲ್ಲಿ ನಿಂತು ಬೇರೆಲ್ಲೋ ನೋಡುತ್ತಿದ್ದಳು. ಕಣ್ಣು ಒರೆಸಿಕೊಂಡದ್ದನ್ನು ಅವನು ನೋಡಲಿಲ್ಲವೆಂದೇ ಅವಳ ನಂಬಿಕೆ.

ದಾನಿ ಅದೇ ವಾರ ಯಾಂಗೂನಿನಿಂದ ಕಾರಿನಲ್ಲಿ ಬಂದಳು. ಭಿಕ್ಷುಗಳಿಗೆ ಊಟ, ಮಂತ್ರಪಠಣ, ಭಾಷಣ ಎಲ್ಲ ಆಯಿತು. ಫಲಕವನ್ನು ಕಟ್ಟೆಗೆ ಕೂರಿಸಿದರು, ಕೆತ್ತಿದ ದಿನ ಹಾಗೇ ಉಳಿಯಿತು. ಊ ಸಾನ್ ಟಿನ್ ದಾನಿಗೆ, ವಿಹಾರಕ್ಕೆ, ನಟ್ ದೇವತೆಗೆ, ಸಯಾನ ಇಪ್ಪತ್ತೆಂಟು ವರ್ಷದ ಅನುಭವಕ್ಕೆ ಕೃತಜ್ಞತೆ ಹೇಳಿದ. ಎರಡು ಮಾತು ಆಡಿ ಎಂದು ಮೈಕನ್ನು ಪೋ ಲಟ್‌ನ ಕೈಗೆ ಕೊಟ್ಟರು. ಅವನು ಮೈಕನ್ನು ಬಾಯಿಂದ ಒಂದು ಮೊಳ ದೂರ ಹಿಡಿದುಕೊಂಡ.

“ನನ್ನ ಅನುಭವ ಎರಡು ಗುಂಡಿ ಮುಚ್ಚಿಸ್ತು” ಎಂದ. “ಮೂರನೇದು ಡೋ ಸೋ ಯಿನ್‌ದು. ಉಪ್ಪುನೀರಿನ ವಿಷಯ ಅವರಿಗೆ ಗೊತ್ತಿತ್ತು. ನನಗೆ ಗೊತ್ತಿರ್ಲಿಲ್ಲ.” ಅಷ್ಟು ಹೇಳಿ ಮೈಕು ವಾಪಸು ಕೊಟ್ಟ.

ಡೋ ಸೋ ಯಿನ್ ಹೆಂಗಸರ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದವಳು ಸಭೆ ಮುಗಿದ ಮೇಲೆ ಅವನನ್ನು ಹುಡುಕಿಕೊಂಡು ಬಂದಳು.

“ಅಷ್ಟು ಜನರ ಮುಂದೆ ನನ್ನ ಹೆಸರು ಯಾಕೆ ತೆಗ್ದೆ? ಹಳೇ ರವಿಕೆ ಹಾಕ್ಕೊಂಡು ಬಂದಿದ್ದೆ. ಎಲ್ರೂ ತಿರುಗಿ ನೋಡಿದ್ರು.”

“ತಪ್ಪಾಯ್ತು ಚಿಕ್ಕಮ್ಮ.”

“ಮೊದಲೇ ಹೇಳಿದ್ರೆ ಒಳ್ಳೇದು ಹಾಕ್ಕೋತಿದ್ದೆ.”

ಮರುದಿನ ಬೆಳಿಗ್ಗೆ ಬಾವಿಗೆ ಊರಿಗೆಂದೇ ಒಂದು ಸಣ್ಣ ಡೀಸೆಲ್ ಪಂಪು ಕೂರಿಸಿ, ಗಳು ಬಿಚ್ಚಿ, ರಾಡು, ಎಂಜಿನ್ ಎಲ್ಲ ಲಾರಿಗೆ ಏರಿಸಿದರು. ಹನ್ನೆರಡು ಮೈಲಿ ಪೂರ್ವದ ಇನ್ನೊಂದು ಜೇಡಿಯ ಊರಿನವರು ಆಗಲೇ ಎರಡು ಸಲ ಹೇಳಿ ಕಳುಹಿಸಿದ್ದರು. ಬಿಸಿಲೇರುವ ಮೊದಲು ಅಲ್ಲಿರಬೇಕೆಂದು ಪೋ ಲಟ್‌ನ ಲೆಕ್ಕ. ಲಾರಿ ಹೊರಟು ಇಪ್ಪತ್ತು ಮಾರು ಹೋಗಿ ನಿಂತಿತು. ದಾರಿಯ ಅಡ್ಡಕ್ಕೆ ಬಿಂದಿಗೆ, ಮಡಕೆ, ಪ್ಲಾಸ್ಟಿಕ್ ಕ್ಯಾನುಗಳ ಸಾಲು. ಬಾವಿಯಿಂದ ಶುರುವಾಗಿ ಶಾಲೆಯ ಬೇಲಿ ದಾಟಿ ತಿರುವಿನವರೆಗೂ ಹೆಂಗಸರು ನಿಂತಿದ್ದರು. ಪಕ್ಕದ ಊರಿನವರೂ ಗಾಡಿ ಕಟ್ಟಿಕೊಂಡು ಬಂದಿದ್ದರು. ಡ್ರೈವರು ಹಾರನ್ ಬಾರಿಸಿದ. ಒಂದು ಬಿಂದಿಗೆಯೂ ಅಲುಗಲಿಲ್ಲ; ಜಾಗ ಬಿಟ್ಟರೆ ಸರದಿ ತಪ್ಪುತ್ತದೆ.

ಪೋ ಲಟ್ ಕೆಳಗಿಳಿದ. “ಸ್ವಲ್ಪ ದಾರಿ ಬಿಡ್ರಮ್ಮ. ನಮಗೆ ಹೊತ್ತಾಗ್ತಿದೆ.”

“ನಮಗೂ ಹೊತ್ತಾಗ್ತಿದೆ ಸಯಾ” ಎಂದಳು ಮುಂದಿದ್ದವಳು. “ಮನೇಲಿ ಒಲೆ ಉರೀತಿದೆ.”

“ಒಂದು ಲಾರಿ ಹೋಗೋಷ್ಟು ಸಾಕು.”

“ನೀವು ಪಂಪು ಸ್ವಲ್ಪ ದೊಡ್ಡದು ಹಾಕಿದ್ರೆ ಇಷ್ಟು ಹೊತ್ತಿಗೆ ಮುಗೀತಿತ್ತು.”

ಡ್ರೈವರು ಮತ್ತೆ ಹಾರನ್ನಿಗೆ ಕೈ ಇಟ್ಟ. ಸಾಲಿನ ನಡುವೆ ಎರಡು ಮಡಕೆ ಇಟ್ಟುಕೊಂಡು ನಿಂತಿದ್ದ ಡೋ ಸೋ ಯಿನ್ ಅವನ ಕಡೆ ತಿರುಗಿ, “ಅದನ್ನ ಆರಿಸಪ್ಪ, ಡೀಸೆಲ್ ಸುಮ್ನೆ ಹಾಳು” ಎಂದಳು. ಅವನು ಎಂಜಿನ್ ಆರಿಸಿದ. ಚಿಟ್ ಸ್ವೇ ರಾಡಿನ ರಾಶಿಯ ಮೇಲೆ ಕಾಲು ಚಾಚಿ ಒರಗಿ ಹೊಸ ಎಲೆಗೆ ಸುಣ್ಣ ಹಚ್ಚತೊಡಗಿದ. ಪೋ ಲಟ್ ತನೌಂಗ್ ಮರದ ಕೆಳಗಿನ ಕಲ್ಲಿನ ಮೇಲೆ ಹೋಗಿ ಕುಳಿತು, ಈ ಊರಿನವರಿಗೆ ಬುದ್ಧಿಯಿಲ್ಲ, ಮೊದಲೂ ಇರಲಿಲ್ಲ ಎಂದು ಗೊಣಗುತ್ತ ಒಂದೊಂದೇ ಬಿಂದಿಗೆ ಮುಂದೆ ಸರಿಯುವುದನ್ನು ನೋಡುತ್ತಿದ್ದ. ಲಾರಿ ಹೊರಟಾಗ ನಡುಹಗಲು ಕಳೆದಿತ್ತು.